ಡೈನೋಸಿಸ್ಟ್ ನೋಡಲು ಅಂಬಾಲಾದ ಟ್ರೈನಾಕ್ಯುಲರ್: ಕೊಳ್ಳುವ ಮೊದಲು ಗುಂಡಿ ತಿರುಗಿಸಿ ನೋಡಿ

ಅಂಬಾಲಾದಲ್ಲಿ ತಯಾರಾಗುವ ಟ್ರೈನಾಕ್ಯುಲರ್ ಮೈಕ್ರೋಸ್ಕೋಪು ಶಿವಮೊಗ್ಗದ ಕಾಲೇಜುಗಳಿಗಾಗಲಿ ರಕ್ತಪರೀಕ್ಷೆಯ ಲ್ಯಾಬುಗಳಿಗಾಗಲಿ ಹೊಸದಲ್ಲ. ಮೇಲೆ ಅಂಟಿಸಿದ ಹೆಸರು ಬೇರೆ ಬೇರೆ, ಒಳಗಿನ ಸಾಮಾನು ಹೆಚ್ಚುಕಡಿಮೆ ಒಂದೇ: 4, 10, 40, 100ರ ನಾಲ್ಕು ಆಬ್ಜೆಕ್ಟಿವ್, 10ರ ಐಪೀಸ್ ಜೋಡಿ, 1.25 ಎನ್‌ಎ (ಬೆಳಕು ಹಿಡಿಯುವ ಸಾಮರ್ಥ್ಯದ ಅಂಕ) ಇರುವ ಅಬ್ಬೆ ಕಂಡೆನ್ಸರ್, ಎಲ್‌ಇಡಿ ದೀಪ, ಎರಡು ಪದರದ ಮೆಕ್ಯಾನಿಕಲ್ ಸ್ಟೇಜ್, ತಲೆಯ ಮೇಲೊಂದು ಕ್ಯಾಮೆರಾ ಕೊಳವೆ. 5 ಮೆಗಾಪಿಕ್ಸೆಲ್ ಕ್ಯಾಮೆರಾ ಸೇರಿ 40,000 ರೂಪಾಯಿ ಆಸುಪಾಸು ಹೇಳುತ್ತಾರೆ. ರಕ್ತಕಣ ಎಣಿಸಲು ಧಾರಾಳವಾಗಿ ಸಾಕು. ಇಲ್ಲಿ ನೋಡಿರುವುದು ಬೇರೆ ಕೆಲಸಕ್ಕೆ: ಡೈನೋಫ್ಲಾಜೆಲೇಟ್ ಎಂಬ ನೀರಿನ ಏಕಕೋಶ ಜೀವಿಗಳು ಬಿಟ್ಟುಹೋದ ಪಳೆಯುಳಿಕೆ ಸಿಸ್ಟ್‌ಗಳ, ಅಂದರೆ ಡೈನೋಸಿಸ್ಟ್‌ಗಳ, ಪ್ರಭೇದ ಗುರುತಿಸಲು ಇದು ಆದೀತೇ?

ಕುಲ ಹೇಳಲು ಆಗುತ್ತದೆ. ಪ್ರಭೇದ ಹೇಳಲೂ ಬಹುಪಾಲು ಆಗುತ್ತದೆ. ಆದರೆ ಕೊಳ್ಳುವವರು ಮೊದಲು ಕೇಳುವುದು ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅಂತ; ಕೇಳಬೇಕಾದ್ದು ಫೈನ್ ಫೋಕಸ್ ಗುಂಡಿ ಮತ್ತು ಸ್ಟೇಜ್ ಎಷ್ಟು ಬಿಗಿ ಅಂತ.

ಒಂದು ಮಾತು ಮೊದಲೇ. ಮಲೆನಾಡಿನ ಕಲ್ಲು ಒಡೆದು ಇದರಡಿ ಇಟ್ಟರೆ ಡೈನೋಸಿಸ್ಟ್ ಸಿಗುವುದಿಲ್ಲ. ಶಿವಮೊಗ್ಗದ ಶಿಸ್ಟ್ ಪಟ್ಟಿಯ ಶಿಲೆಗಳು 250 ಕೋಟಿ ವರ್ಷಕ್ಕೂ ಹಳೆಯವು. ಡೈನೋಸಿಸ್ಟ್‌ಗಳು ನಂಬಿಕೆಯಿಂದ ಸಿಗತೊಡಗುವುದು ಟ್ರಯಾಸಿಕ್ ಕಾಲದ ನಡುಭಾಗದಿಂದ, ಸುಮಾರು 24 ಕೋಟಿ ವರ್ಷದ ಈಚೆಗೆ. ಆದ್ದರಿಂದ ಇಲ್ಲಿನ ಮೇಜಿಗೆ ಬರುವ ಸ್ಲೈಡುಗಳು ಹೊರಗಿನವೇ: ಅರಿಯಲೂರು ಸುತ್ತಿನ ಕ್ರಿಟೇಷಿಯಸ್, ಕಛ್‌ನ ಜುರಾಸಿಕ್ ಮತ್ತು ಈಯೋಸೀನ್, ಮೇಘಾಲಯದ ಉಮ್ ಸೊಹ್ರಿಂಗ್‌ಕ್ಯೂ ಹೊಳೆಯ ಕ್ರಿಟೇಷಿಯಸ್–ಪೇಲಿಯೋಸೀನ್ ಗಡಿಯ ಪದರಗಳು. ಕಲ್ಲು ಕರಗಿಸಲು ಹೈಡ್ರೋಫ್ಲೋರಿಕ್ ಆಮ್ಲ ಬೇಕು, ಅದು ಮೂಳೆಯವರೆಗೆ ಇಳಿಯುವ ವಿಷ; ಸರಿಯಾದ ಫ್ಯೂಮ್ ಹುಡ್ ಇಲ್ಲದ ಕಡೆ ಆ ಬಾಟಲಿಯ ಮುಚ್ಚಳವನ್ನೇ ತೆಗೆಯಬಾರದು. ಸ್ಲೈಡು ಸಿದ್ಧವಾಗಿ ಕೈಗೆ ಬಂತು ಎಂದಿಟ್ಟುಕೊಂಡೇ ಮುಂದಿನ ಮಾತು.

ಫೋಕಸ್ ಗುಂಡಿ

ಡೈನೋಸಿಸ್ಟ್ ಅಂದರೆ ಸಾಮಾನ್ಯವಾಗಿ 30ರಿಂದ 100 ಮೈಕ್ರಾನಿನ ಟೊಳ್ಳು ಗೂಡು, ಗೋಡೆ ಪಾರದರ್ಶಕ. 40ರ ಆಬ್ಜೆಕ್ಟಿವ್‌ನಲ್ಲಿ ಒಂದು ಸಲಕ್ಕೆ ಚೊಕ್ಕವಾಗಿ ಕಾಣುವುದು ಹೆಚ್ಚುಕಡಿಮೆ 1 ಮೈಕ್ರಾನ್ ದಪ್ಪದ ಪದರ. ಉಳಿದದ್ದೆಲ್ಲ ಮಂಜು. ಹಾಗಾಗಿ ಇದನ್ನು ನೋಡುವುದಲ್ಲ, ಗುಂಡಿ ತಿರುಗಿಸುತ್ತ ಓದುವುದು. ಮೇಲಿನ ಫೋಕಸ್‌ನಲ್ಲಿ ನಮ್ಮ ಕಡೆಗಿರುವ ಮುಖ, ನಡುವಿನ ಫೋಕಸ್‌ನಲ್ಲಿ ಅಂಚಿನ ರೇಖೆ, ಕೆಳಗಿನ ಫೋಕಸ್‌ನಲ್ಲಿ ಆಚೆ ಮುಖ. ಗೋಡೆಯ ದಪ್ಪ ಮತ್ತು ಮುಳ್ಳಿನ ಉದ್ದ ಅಳೆಯಬೇಕಾದ್ದು ನಡುವಿನದರಲ್ಲಿ ಮಾತ್ರ. ಆಚೆ ಮುಖ ಕಾಣುವುದು ಒಳಗಿನಿಂದ, ಅಂದರೆ ಎಡಬಲ ಅದಲುಬದಲಾಗಿ. ಮೂರನ್ನೂ ಬೇರೆ ಬೇರೆ ಹಾಳೆಯಲ್ಲಿ ಗೀಚಿ, ಮೂರನೆಯದನ್ನು ಮಗುಚಿ ಹಾಕಿಕೊಂಡರೆ ಗೋಡೆಯ ಮೇಲೆ ಅಚ್ಚಾಗಿರುವ ಕವಚದ ತುಂಡುಗಳ, ಅಂದರೆ ಫಲಕಗಳ, ಜೋಡಣೆ ಕೂಡುತ್ತದೆ.

ಈ ಮಾದರಿಗಳ ಗುಂಡಿಯ ಒಂದು ಗೀಟಿಗೆ 2 ಮೈಕ್ರಾನ್, ಒಂದು ಸುತ್ತಿಗೆ 200 ಮೈಕ್ರಾನ್ ಎಂದು ಬರೆದಿರುತ್ತದೆ. ಅಂಗಡಿಯಲ್ಲೇ ಪರೀಕ್ಷಿಸಿ. ಸ್ಲೈಡಿನ ಮೇಲಿನ ಒಂದು ಗೀರಿಗೆ ಕೆಳಗಿನಿಂದ ಫೋಕಸ್ ತಂದು ಗೀಟಿನ ಸಂಖ್ಯೆ ಬರೆದುಕೊಳ್ಳಿ. ಮೇಲಕ್ಕೆ ದಾಟಿ, ಮೇಲಿನಿಂದ ಅದೇ ಗೀರಿಗೆ ಬನ್ನಿ. ಎರಡು ಸಂಖ್ಯೆಗಳ ನಡುವೆ ಎರಡು ಮೂರು ಗೀಟಿನ ವ್ಯತ್ಯಾಸ ಸಹಜ. ಎಂಟು ಹತ್ತು ಇದ್ದರೆ ಹಲ್ಲುಗಳ ನಡುವೆ ಆಟ ಇದೆ ಎಂದರ್ಥ; 20 ಮೈಕ್ರಾನ್ ಆಟವೆಂದರೆ ಸಣ್ಣ ಸಿಸ್ಟ್‌ನ ಅರ್ಧ ಹೋಯಿತು. ಆಮೇಲೆ ಫೋಕಸ್ ಮಾಡಿ, ಕೈಬಿಟ್ಟು, ಒಂದು ಕಾಫಿ ಕುಡಿದು ಬನ್ನಿ. ಚಿತ್ರ ಮಸುಕಾಗಿದ್ದರೆ ಸ್ಟೇಜು ತನ್ನ ಭಾರಕ್ಕೆ ತಾನೇ ಇಳಿಯುತ್ತಿದೆ. ಇದಕ್ಕೆ ಮದ್ದುಂಟು: ದೊಡ್ಡ ಗುಂಡಿಯ ಒಳಗಡೆ ಇರುವ ಬಿಗಿ ಬಳೆಯನ್ನು ಸ್ವಲ್ಪ ತಿರುಗಿಸಿದರೆ ನಿಲ್ಲುತ್ತದೆ. ಹಲ್ಲಿನ ಆಟಕ್ಕೆ ಮದ್ದಿಲ್ಲ, ಆ ಪೀಸು ಬೇಡ ಅನ್ನಿ.

ಗುಂಡಿಯಿಂದ ಆಳ ಅಳೆಯುವವರು ಬೀಳುವ ಹಳ್ಳ ಒಂದಿದೆ. 40ರ ಒಣ ಆಬ್ಜೆಕ್ಟಿವ್‌ಗೂ ಸಿಸ್ಟ್ ಮುಳುಗಿರುವ ಮಾಧ್ಯಮಕ್ಕೂ ನಡುವೆ ಗಾಳಿ ಇರುವುದರಿಂದ ಗುಂಡಿ ತೋರಿಸುವ ಆಳ ನಿಜಕ್ಕಿಂತ ಕಡಿಮೆ. ಮಾಧ್ಯಮದ ವಕ್ರೀಭವನ ಅಂಕ 1.5 ಆದರೆ ಗುಂಡಿಯ 40 ಮೈಕ್ರಾನ್ ನಿಜದಲ್ಲಿ 60ರ ಹತ್ತಿರ. ಎಣ್ಣೆ ಹಾಕಿದ 100ರಲ್ಲಿ ಈ ತೊಂದರೆ ಹೆಚ್ಚುಕಡಿಮೆ ಇಲ್ಲ.

ಆಬ್ಜೆಕ್ಟಿವ್

40ರದ್ದು 0.65 ಎನ್‌ಎ, ಹಸಿರು ಬೆಳಕಿನಲ್ಲಿ ಸುಮಾರು ಅರ್ಧ ಮೈಕ್ರಾನ್ ಬಿಡಿಸಿ ತೋರಿಸುತ್ತದೆ. 100ರದ್ದು 1.25, ಬಿಡಿಸುವುದು ಕಾಲು ಮೈಕ್ರಾನಿನ ಹತ್ತಿರ. ಎರಡೂ ಅಕ್ರೋಮ್ಯಾಟ್, ಅಂದರೆ ಬಣ್ಣ ಚೆದುರುವುದನ್ನು ಪೂರ್ತಿ ತಿದ್ದದ ಲೆನ್ಸ್; ಮುಳ್ಳಿನ ಅಂಚಿಗೆ ನೇರಳೆ–ಹಸಿರು ಜರಿ ಕಾಣುತ್ತದೆ. ದೀಪದ ಮೇಲೆ ಹಸಿರು ಫಿಲ್ಟರ್ ಇಟ್ಟರೆ ಮುಕ್ಕಾಲು ಪಾಲು ಹೋಗುತ್ತದೆ. ‘ಪ್ಲಾನ್’ (ನೋಟದ ಅಂಚಿನವರೆಗೂ ಚೊಕ್ಕ) ಎಂದು ಬರೆದದ್ದಕ್ಕೆ ಹೆಚ್ಚು ದುಡ್ಡು ಕೇಳಿದರೆ, ಎಣಿಕೆ ಮಾಡುವವರು ಕೊಡಿ, ಬರೀ ಗುರುತಿಸುವವರು ಬಿಡಿ. ಗುರುತಿಸಬೇಕಾದ ಸಿಸ್ಟ್ ಹೇಗೂ ನಡುಮಧ್ಯಕ್ಕೇ ಬಂದಿರುತ್ತದೆ.

ದೊಡ್ಡ ಕೊರತೆ ಇರುವುದು 20ರದ್ದು ಇಲ್ಲದಿರುವುದರಲ್ಲಿ. ಐಪೀಸಿನ ಫೀಲ್ಡ್ ಅಂಕ (ನೋಟದ ಅಗಲ) 18 ಆಗಿದ್ದು, 10ರ ಆಬ್ಜೆಕ್ಟಿವ್ ಹಾಕಿದರೆ 1.8 ಮಿಲಿಮೀಟರ್ ಅಗಲ ಕಾಣುತ್ತದೆ, 40ರದ್ದು ಹಾಕಿದರೆ 0.45. 22 ಮಿಲಿಮೀಟರ್ ಕವರ್ ಸ್ಲಿಪ್ಪನ್ನು 40ರಲ್ಲಿ ಉಳಬೇಕೆಂದರೆ ಸುಮಾರು 49 ಸಾಲು. 10ರಲ್ಲಿ 13 ಸಾಲಿಗೇ ಮುಗಿದರೂ ಪೆರಿಡಿನಿಯಾಯ್ಡ್ ಎಂಬ ಗುಂಪಿನ ತೆಳ್ಳನೆಯ ಸಿಸ್ಟ್‌ಗಳು ಕಣ್ಣು ತಪ್ಪುತ್ತವೆ. 20ರಲ್ಲಾದರೆ 25 ಸಾಲು, ಏನೂ ತಪ್ಪುವುದಿಲ್ಲ. 4ರದ್ದನ್ನು ತೆಗೆದು 20ರದ್ದು ಹಾಕಿಕೊಡಿ ಎಂದು ಆರ್ಡರ್ ಕೊಡುವಾಗಲೇ ಹೇಳಿದರೆ ಹೆಚ್ಚಿನವರು ಹಾಕಿಕೊಡುತ್ತಾರೆ. ಇಡೀ ಖರೀದಿಯಲ್ಲಿ ದುಡ್ಡಿಗೆ ತಕ್ಕ ಬೆಲೆ ಸಿಗುವ ಬದಲಾವಣೆ ಇದೊಂದೇ.

100ರದ್ದು ಚೆನ್ನಾಗಿದೆ, ಆದರೆ ಸ್ಲೈಡಿಗೆ ಅದರ ಮೂತಿ 0.2 ಮಿಲಿಮೀಟರಿಗಿಂತ ಹತ್ತಿರ ಹೋಗಬೇಕು. ಸಿಸ್ಟ್‌ಗಳು ಸ್ಲೈಡಿನ ತಳದಲ್ಲಿ ಕೂತು, ಮೇಲೆ ದಪ್ಪನೆಯ ಅಂಟು, ಅದರ ಮೇಲೆ 0.17 ಮಿಲಿಮೀಟರ್ ಕವರ್ ಸ್ಲಿಪ್ ಇದ್ದರೆ ಫೋಕಸ್ ತಲುಪುವ ಮೊದಲೇ ಮೂತಿ ಗಾಜಿಗೆ ಬಡಿಯುತ್ತದೆ. ತಪ್ಪು ಮೈಕ್ರೋಸ್ಕೋಪಿನದಲ್ಲ, ಸ್ಲೈಡಿನದು. ಪಾಲಿವಿನೈಲ್ ಆಲ್ಕೋಹಾಲ್ ಬೆರೆಸಿದ ಹನಿಯನ್ನು ಕವರ್ ಸ್ಲಿಪ್ಪಿನ ಮೇಲೆ ಹರಡಿ, ಒಣಗಿಸಿ, ಮಗುಚಿ ಅಂಟಿಸಿದ ಸ್ಲೈಡಾದರೆ ಎಲ್ಲ ಸಿಸ್ಟ್‌ಗಳೂ ಗಾಜಿಗೆ ಅಂಟಿಕೊಂಡೇ ಸಿಗುತ್ತವೆ.

ಕಂಡೆನ್ಸರ್, ಮತ್ತು ಇಲ್ಲದ ಗೋಡೆ

ಈ ಬೆಲೆಯಲ್ಲಿ ದೀಪದ ಬಾಯಿಯ ಕಿಂಡಿ, ಅಂದರೆ ಫೀಲ್ಡ್ ಡಯಾಫ್ರಮ್, ಬರುವುದಿಲ್ಲ, ಹಾಗಾಗಿ ನೋಟದ ತುಂಬ ಸಮನಾಗಿ ಬೆಳಕು ಬೀಳಿಸುವ ಪೂರ್ತಿ ಕೋಲರ್ ವಿಧಾನದ ಮಾತಿಲ್ಲ. ಇರುವುದು ಕಂಡೆನ್ಸರಿನ ಐರಿಸ್, ಹಿಗ್ಗಿಸಿ ಕುಗ್ಗಿಸುವ ಕಿಂಡಿ. ಐಪೀಸು ಕಿತ್ತು ಕೊಳವೆಯೊಳಗೆ ಇಣುಕಿ, ಬೆಳಕಿನ ವೃತ್ತದ ಮುಕ್ಕಾಲು ಭಾಗ ತುಂಬುವಷ್ಟು ಐರಿಸ್ ತೆರೆಯಿರಿ. ಆಬ್ಜೆಕ್ಟಿವ್ ಬದಲಿಸಿದಾಗೆಲ್ಲ ಇದನ್ನು ಮತ್ತೆ ಮಾಡಬೇಕು, ಬೇಸರ ಪಟ್ಟುಕೊಂಡರೆ ಆಗದು. ಸಿಸ್ಟ್ ‘ಚೆನ್ನಾಗಿ ಎದ್ದು ಕಾಣಲಿ’ ಎಂದು ಐರಿಸ್ ಪೂರ್ತಿ ಮುಚ್ಚುವುದೇ ಎಲ್ಲರ ಚಟ. ಆಗ ಅಂಚಿನ ಗುಂಟ ವಿವರ್ತನೆಯ ಎರಡನೇ ಗೆರೆ ಏಳುತ್ತದೆ, ಒಂದೇ ಗೋಡೆ ಎರಡಾಗಿ ಕಾಣುತ್ತದೆ, ಸಿಸ್ಟ್ ‘ಕ್ಯಾವೇಟ್’ ಗುಂಪಿಗೆ ಸೇರಿಬಿಡುತ್ತದೆ. ನಿಜವಾದ ಕ್ಯಾವೇಟ್ ಹೇಗಿರುತ್ತದೆಂದರೆ, ಕರಟದಿಂದ ಬಿಟ್ಟುಕೊಂಡ ಗಿಟುಕು ಕೊಬ್ಬರಿಯ ಹಾಗೆ: ಒಳಗಿನ ಗೂಡಿಗೂ ಹೊರಗಿನದಕ್ಕೂ ನಡುವೆ ಖಾಲಿ ಜಾಗ, ಆ ಜಾಗ ಕೊಂಬುಗಳ ಕಡೆ ಅಗಲ. ಐರಿಸ್ ತೆರೆದರೂ ಆ ಜಾಗ ಉಳಿದರೆ ಕ್ಯಾವೇಟ್. ಮಾಯವಾದರೆ ಅದು ಬೆಳಕಿನ ಆಟ.

ಫಿಲ್ಟರ್ ಹಿಡಿಯುವ ಬಳೆಯನ್ನು ಸುಮ್ಮನೆ ಬಿಡಬೇಡಿ. ಕಪ್ಪು ಚಾರ್ಟ್ ಕಾಗದವನ್ನು ಆ ಬಳೆಯ ಅಳತೆಗೆ ಬಿಲ್ಲೆ ಮಾಡಿ, ಒಂದು ಬದಿಯಲ್ಲಿ ಬಿದಿಗೆ ಚಂದ್ರನಷ್ಟು ಜಾಗ ಕತ್ತರಿಸಿ ಇಡಿ. ಓರೆ ಬೆಳಕು ಬಿದ್ದು ಸಿಸ್ಟ್‌ನ ಮೈ ಉಬ್ಬುತಗ್ಗಾಗಿ ಏಳುತ್ತದೆ. ಫಲಕಗಳ ಗಡಿಯ ಏಣು ಯಾವುದು, ಅಮುಕಿ ಬಿದ್ದ ಮಡಿಕೆ ಯಾವುದು ಎಂಬ ಜಗಳ ಅಲ್ಲೇ ತೀರುತ್ತದೆ: ಏಣುಗಳು ಮುಳ್ಳಿನ ಬುಡದಿಂದ ಬುಡಕ್ಕೆ ಹೋಗುತ್ತವೆ, ಮಡಿಕೆ ಎಲ್ಲಿ ಬೇಕೆಂದರಲ್ಲಿ ಅಡ್ಡಾಡುತ್ತದೆ. ಡಿಐಸಿ (ಉಬ್ಬುತಗ್ಗು ಎತ್ತಿ ತೋರಿಸುವ ಬೆಳಕಿನ ವ್ಯವಸ್ಥೆ) ಇರುವ ಲಕ್ಷಗಟ್ಟಲೆ ರೂಪಾಯಿಯ ಯಂತ್ರ ಕೊಡುವುದರ ಒಂದಂಶವನ್ನು ಈ ಕಾಗದ ಕೊಡುತ್ತದೆ. ಪಾರದರ್ಶಕ ವಸ್ತು ಎದ್ದು ಕಾಣಿಸುವ ಫೇಸ್ ಕಾಂಟ್ರಾಸ್ಟ್ ಕಿಟ್ ಕೊಳ್ಳಿರೆಂದು ಒತ್ತಾಯಿಸಿದರೆ ಬೇಡ ಎನ್ನಿ. ದಪ್ಪನೆಯ ಸಿಸ್ಟ್‌ಗಳಿಗೆ ಅದು ಸುತ್ತ ಪ್ರಭೆ ಕಟ್ಟಿ ಇನ್ನಷ್ಟು ಕೆಡಿಸುತ್ತದೆ.

ಒಂದು ಸಿಸ್ಟ್ ಹಿಡಿದು ನೋಡಿದರೆ

ಕ್ರಿಟೇಷಿಯಸ್ ಸ್ಲೈಡಿನಲ್ಲಿ ಮುಳ್ಳುಮುಳ್ಳಾದ ಒಂದು ಸಿಸ್ಟ್ ಸಿಕ್ಕಿತು ಎನ್ನಿ. ಮುಳ್ಳು ನೋಡಿ ಹೆಸರು ಹೇಳುವ ಅವಸರ ಬೇಡ. 1961ರಲ್ಲಿ ಅಮೆರಿಕದ ಪಳೆಯುಳಿಕೆ ತಜ್ಞ ವಿಲಿಯಂ ಎವಿಟ್ ತೋರಿಸಿಕೊಡುವವರೆಗೆ ಇಂಥವನ್ನೆಲ್ಲ ‘ಹಿಸ್ಟ್ರಿಕೋಸ್ಫಿಯರ್’ ಎಂಬ ಒಂದೇ ಮೂಟೆಗೆ ತುಂಬಿದ್ದರು, ಮುಳ್ಳು ಮಾತ್ರ ನೋಡಿದ್ದರ ಫಲ. ಎವಿಟ್ ನೋಡಿದ್ದು ಬಾಗಿಲನ್ನು. ಜೀವಕೋಶ ಹೊರಬಂದ ಕಿಂಡಿಗೆ ಆರ್ಕಿಯೋಪೈಲ್ ಎಂದು ಹೆಸರು. ಅದು ಕಂಡಾಬಟ್ಟೆ ಹರಿದ ತೂತಲ್ಲ, ಗೊತ್ತಾದ ಫಲಕವೊಂದು ಕಳಚಿಕೊಂಡ ಜಾಗ. ಅಂಚು ನೇರ, ಮೂಲೆಗಳು ಕೋನ. ಹರಿದದ್ದಾದರೆ ಅಂಚು ಚಿಂದಿ.

20ರಲ್ಲಿ ಹುಡುಕಿ, 40ಕ್ಕೆ ಏರಿ, ಮೊದಲು ಬಾಗಿಲು ಎಲ್ಲಿದೆ ನೋಡಿ. ತಲೆಯ ತುದಿಯೇ ಹಾರಿಹೋಗಿದ್ದು, ಅಂಚು ಅಂಕುಡೊಂಕಾಗಿದ್ದರೆ ಬಾಗಿಲು ಏಪಿಕಲ್. ಬೆನ್ನಿನ ಮೇಲೆ, ಸಿಸ್ಟ್‌ನ ಸೊಂಟ ಸುತ್ತುವ ನಡುಪಟ್ಟಿಗಿಂತ ಸ್ವಲ್ಪ ಮೇಲೆ ಒಂದೇ ಫಲಕದ ಕಿಂಡಿಯಾಗಿದ್ದರೆ ಪ್ರಿಸಿಂಗುಲರ್, ಸಾಮಾನ್ಯವಾಗಿ ಮೂರನೆಯ ಫಲಕ. ಈ ಕಿಂಡಿ ಬೆನ್ನಲ್ಲೇ ಇರುವುದರಿಂದ ಮೇಲಿನ ಫೋಕಸ್‌ನಲ್ಲಿ ಅದು ಚೊಕ್ಕವಾಗಿ ಕಂಡರೆ ಸಿಸ್ಟ್ ಕವುಚಿ ಮಲಗಿದೆ, ಕೆಳಗಿನ ಫೋಕಸ್‌ನಲ್ಲಿ ಕಂಡರೆ ಅಂಗಾತ.

ಆಮೇಲೆ ಮುಳ್ಳಿನ ಬುಡ. ಪ್ರಿಸಿಂಗುಲರ್ ಬಾಗಿಲು, ಮುಳ್ಳುಗಳೆಲ್ಲ ಫಲಕಗಳ ಮೂಲೆಯಲ್ಲಿ, ತುದಿ ಮೂರಾಗಿ ಒಡೆದು ಪ್ರತಿಯೊಂದೂ ಮತ್ತೆ ಎರಡಾಗಿದ್ದು, ಬುಡದಿಂದ ಬುಡಕ್ಕೆ ಏಣು ಇದ್ದರೆ ಸ್ಪಿನಿಫೆರೈಟಿಸ್. ಅದೇ ಮುಳ್ಳು, ಅದೇ ಬಾಗಿಲು, ಏಣು ಮಾತ್ರ ಇಲ್ಲ ಎಂದರೆ ಅಕೊಮೊಸ್ಫೇರಾ. ಇವೆರಡರ ನಡುವಿನ ಗೆರೆ ಓರೆ ಬೆಳಕಿಲ್ಲದೆ ಕಾಣದು. 40ರಲ್ಲಿ ನೇರ ಬೆಳಕಿಗೆ ತೆಳ್ಳನೆಯ ಏಣು ಮಾಯವಾಗಿ ಸ್ಪಿನಿಫೆರೈಟಿಸ್ ಅನ್ನು ಅಕೊಮೊಸ್ಫೇರಾ ಎಂದು ಬರೆದುಬಿಡುವುದು ಈ ವರ್ಗದ ಮೈಕ್ರೋಸ್ಕೋಪಿನಲ್ಲಿ ಸುಲಭ. ಬಾಗಿಲು ಏಪಿಕಲ್ ಆಗಿ, ಕೊಳವೆಯಂಥ ಮುಳ್ಳುಗಳು ಫಲಕದ ನಡುವಿನಿಂದ ಎದ್ದಿದ್ದರೆ ನಡುಪಟ್ಟಿ ನೋಡಿ. ಪಟ್ಟಿಯ ಮೇಲೂ ಮುಳ್ಳಿನ ಸಾಲಿದ್ದರೆ ಹಿಸ್ಟ್ರಿಕೋಸ್ಫೆರಿಡಿಯಂ, ಆ ಸಾಲು ಬೋಳಾಗಿದ್ದರೆ ಆಲಿಗೋಸ್ಫೆರಿಡಿಯಂ. ಮುಳ್ಳು ಎಣಿಸುವವರಿಗೆ ಕಿವಿಮಾತು: ಮುಚ್ಚಳ ಹಾರಿಹೋದಾಗ ಅದರ ಮೇಲಿನ ನಾಲ್ಕು ಮುಳ್ಳೂ ಜೊತೆಗೇ ಹೋಗಿರುತ್ತವೆ. ಫಲಕಕ್ಕೂ ಮುಳ್ಳಿಗೂ ಲೆಕ್ಕವೇ ಇಲ್ಲದೆ ಹಲಸಿನ ಮಿಡಿಯ ಹಾಗೆ ಮೈತುಂಬ ಮುಳ್ಳಿದ್ದರೆ, ಬಾಗಿಲು ಪ್ರಿಸಿಂಗುಲರ್ ಆಗಿದ್ದರೆ, ಆಪರ್ಕ್ಯುಲೋಡಿನಿಯಂ ಕಡೆಯದು. ಬಾಗಿಲೂ ಇಲ್ಲ, ಫಲಕದ ಗುರುತೂ ಇಲ್ಲ ಎಂದರೆ ‘ಅಕ್ರಿಟಾರ್ಕ್’ (ಮೂಲ ಗೊತ್ತಾಗದ ಸೂಕ್ಷ್ಮ ಪಳೆಯುಳಿಕೆ) ಎಂದು ಬರೆದು ಮುಂದೆ ಹೋಗುವುದೇ ಪ್ರಾಮಾಣಿಕತನ.

ಪೆರಿಡಿನಿಯಾಯ್ಡ್‌ಗಳಲ್ಲಿ ಕೆಲಸ ಇನ್ನೂ ಹಗುರ. ಬೆನ್ನಿನ ಇಂಟರ್ಕಲರಿ ಬಾಗಿಲು (ತಲೆತುದಿಗೂ ಪ್ರಿಸಿಂಗುಲರ್ ಸಾಲಿಗೂ ನಡುವಿನದು) ಆರು ಮೂಲೆಯದ್ದಾದರೆ ಡಿಫ್ಲಾಂಡ್ರಿಯಾದಂಥವು, ನಾಲ್ಕು ಮೂಲೆಯದ್ದಾದರೆ ವೆಟ್ಸೆಲಿಯೆಲ್ಲಾ, ಅಪೆಕ್ಟೋಡಿನಿಯಂ ಬಳಗ. 40ರದ್ದು ಇದಕ್ಕೆ ಸಾಕಷ್ಟಾಯಿತು. 100 ಬೇಕಾಗುವುದು ಮುಳ್ಳಿನ ತುದಿಗೆ ಮತ್ತು ಗೋಡೆಯ ಮೈಗೆ, ಅಂದರೆ ಪ್ರಭೇದ ಹೇಳುವ ಹೊತ್ತಿಗೆ. ಗೋಡೆಯ ಮೇಲಿನ ಕಾಲು ಮೈಕ್ರಾನಿಗಿಂತ ಸಣ್ಣ ಕಣಗಳನ್ನು ಲಕ್ಷಣವಾಗಿಟ್ಟು ವರ್ಣಿಸಿದ ಪ್ರಭೇದಗಳಿಗೆ ಎಲೆಕ್ಟ್ರಾನ್ ಮೈಕ್ರೋಸ್ಕೋಪೇ ಗತಿ.

ಹೆಸರು ಕೊನೆಗೆ ಒಮ್ಮೆ ಡೈನೋಫ್ಲಾಜ್3 ಎಂಬ ಜಾಲತಾಣದಲ್ಲಿ ತಾಳೆ ನೋಡಿ, ದುಡ್ಡು ಕೊಡಬೇಕಿಲ್ಲ. ಹಳೆಯ ಲೇಖನಗಳ ಡೇನಿಯಾ ಈಗ ಡಮಸಾಡಿನಿಯಂ, ಇಂಥವು ಬೇಕಾದಷ್ಟಿವೆ. ಪಳೆಯುಳಿಕೆ ಸಿಸ್ಟ್‌ಗಳ ಹೆಸರು ಸಸ್ಯನಾಮ ಸಂಹಿತೆಯಡಿ ಬರುತ್ತದೆ. ಜೀವಂತ ಗೊನಿಯಾಲಕ್ಸ್‌ನ ಸಿಸ್ಟ್‌ಗೆ ಸ್ಪಿನಿಫೆರೈಟಿಸ್ ಎಂಬ ಬೇರೆ ಹೆಸರು ಉಳಿದಿರುವುದನ್ನು ತಪ್ಪೆಂದು ತಿದ್ದಲು ಹೋಗಬೇಡಿ.

ಕ್ಯಾಮೆರಾ

5 ಮೆಗಾಪಿಕ್ಸೆಲ್ ಸಾಕೋ ಸಾಕು. ಲೆಕ್ಕ ಇಷ್ಟೇ: ಸೆನ್ಸರಿನ ಒಂದು ಪಿಕ್ಸೆಲ್ 2.2 ಮೈಕ್ರಾನ್, ನಡುವೆ 0.5ರ ಅಡಾಪ್ಟರ್, 40ರ ಆಬ್ಜೆಕ್ಟಿವ್ ಎಂದರೆ ಸ್ಲೈಡಿನ ಮೇಲೆ ಒಂದು ಪಿಕ್ಸೆಲ್ಲಿಗೆ 0.11 ಮೈಕ್ರಾನ್. ಲೆನ್ಸೇ ಬಿಡಿಸಿ ತೋರಿಸುವುದು 0.5 ಮೈಕ್ರಾನ್, ಅದಕ್ಕೆ 0.25ರ ಪಿಕ್ಸೆಲ್ ಸಾಕಿತ್ತು. 100ರಲ್ಲಿ 0.044. ಇದರ ಮೇಲೆ 18 ಮೆಗಾಪಿಕ್ಸೆಲ್ ಹಾಕಿದರೆ ಫೈಲು ದೊಡ್ಡದಾದೀತು, ಸಿಸ್ಟ್ ಒಂದು ಕೂದಲಷ್ಟೂ ಹೆಚ್ಚು ಕಾಣದು.

ಮುಖ್ಯವಾಗಿ ನೋಡಬೇಕಾದ್ದು ಕ್ಯಾಮೆರಾ ಚಿತ್ರವನ್ನು ಕನ್ನಡಿಯಂತೆ ತಿರುಗಿಸುತ್ತದೆಯೇ ಎಂದು. ಐಪೀಸಿನಲ್ಲಿ ಕಾಣುವ ಚಿತ್ರ ತಲೆಕೆಳಗಾಗಿರುತ್ತದೆ, ಅದು ಬರೀ ಅರ್ಧ ಸುತ್ತು ತಿರುಗಿದ್ದು. ಎಡಬಲದ ಸಂಬಂಧ ಕೆಡುವುದಿಲ್ಲ. ಕೆಲವು ಸಾಫ್ಟ್‌ವೇರುಗಳು ‘ಫ್ಲಿಪ್’ ಹಾಕಿಕೊಂಡೇ ತೆರೆದುಕೊಳ್ಳುತ್ತವೆ. ಡೈನೋಸಿಸ್ಟ್‌ನ ನಡುಪಟ್ಟಿಯ ಎರಡು ತುದಿಗಳಲ್ಲಿ ಯಾವುದು ಮೇಲೆ ಯಾವುದು ಕೆಳಗೆ, ಅರಿಯೋಲಿಜೆರಾ ಬಳಗದಲ್ಲಿ ಬಾಗಿಲಿನ ಕಚ್ಚು ಯಾವ ಕಡೆಗೆ ಸರಿದಿದೆ ಎಂಬುದೆಲ್ಲ ಲಕ್ಷಣವೇ ಆಗಿರುವಾಗ ಕನ್ನಡಿ ಚಿತ್ರವನ್ನಿಟ್ಟುಕೊಂಡು ಬರೆದ ವರ್ಣನೆ ಪೂರ್ತಿ ತಿರುವುಮುರುವು. ಪರೀಕ್ಷೆಗೆ ದಿನಪತ್ರಿಕೆಯ ಒಂದು ಸಣ್ಣ ಅಕ್ಷರ ಕತ್ತರಿಸಿ 10ರಲ್ಲಿಡಿ. ‘ಕ’ ಆಗಲಿ ‘ತ’ ಆಗಲಿ ಇರಲಿ, ‘ಠ’ ಬೇಡ, ಅದಕ್ಕೆ ಎಡಬಲವೇ ಇಲ್ಲ. ಪರದೆಯ ಚಿತ್ರವನ್ನು ತಿರುಗಿಸಿ ತಿರುಗಿಸಿ ಅಕ್ಷರ ಸರಿಯಾಗಿ ಓದಲು ಬಂದರೆ ಸರಿ. ಯಾವ ಕಡೆ ತಿರುಗಿಸಿದರೂ ಬಾರದಿದ್ದರೆ ಫ್ಲಿಪ್ ತೆಗೆಯಿರಿ. ಸಾಫ್ಟ್‌ವೇರ್ ಮತ್ತೆ ಹಾಕಿದಾಗಲೆಲ್ಲ ಇದೊಂದು ಸಲ ನೋಡಲೇಬೇಕು.

ಸ್ಟೇಜ್

ಹಿಂದೆ ಕಂಡ ಸಿಸ್ಟನ್ನು ಮತ್ತೆ ಹುಡುಕಲಾಗದ ಸ್ಟೇಜ್ ಈ ಕೆಲಸಕ್ಕೆ ನಿಷ್ಪ್ರಯೋಜಕ. ವರ್ನಿಯರ್ 0.1 ಮಿಲಿಮೀಟರ್ ಓದುತ್ತದೆ. ಸಿಸ್ಟೊಂದರ ಅಂಕ ಬರೆದುಕೊಂಡು, ಸ್ಲೈಡು ತೆಗೆದು ಮತ್ತೆ ಸಿಕ್ಕಿಸಿ, ಅದೇ ಅಂಕಕ್ಕೆ ಬನ್ನಿ. 20ರ ನೋಟದೊಳಗೆ ಸಿಕ್ಕರೆ ಪಾಸು. ಕ್ಲಿಪ್ಪಿನ ಸ್ಪ್ರಿಂಗ್ ಸಡಿಲವಿದ್ದರೆ ಪ್ರತಿ ಸಲ ಅರ್ಧ ಮಿಲಿಮೀಟರ್ ಆಚೀಚೆ. ಬೇರೆಯವರಿಗೆ ಸ್ಲೈಡು ಕಳಿಸುವುದಿದ್ದರೆ ಇಂಗ್ಲೆಂಡ್ ಫೈಂಡರ್ (ಚೌಕಗಳಿಗೆ ಅಂಕ ಕೊರೆದ ಅಳತೆ ಸ್ಲೈಡು) ಅಂಕವೇ ಬರೆಯಿರಿ, ನಿಮ್ಮ ವರ್ನಿಯರ್ ಅಂಕ ಅವರ ಸ್ಟೇಜಿಗೆ ಕೂರುವುದಿಲ್ಲ.

ಐಪೀಸಿನ ಅಳತೆಪಟ್ಟಿ ಕಿಟ್‌ನಲ್ಲಿ ಬರುವುದಿಲ್ಲ, ಅದನ್ನು ತಾಳೆ ನೋಡುವ ಸ್ಟೇಜ್ ಮೈಕ್ರೋಮೀಟರೂ ಬರುವುದಿಲ್ಲ. ಎರಡನ್ನೂ ಬೇರೆಯೇ ತರಿಸಬೇಕು. 10 ಮಿಲಿಮೀಟರನ್ನು 100 ಭಾಗ ಮಾಡಿದ ಪಟ್ಟಿಯಾದರೆ 40ರಲ್ಲಿ ಒಂದು ಭಾಗಕ್ಕೆ 2.5 ಮೈಕ್ರಾನ್, 100ರಲ್ಲಿ 1 ಮೈಕ್ರಾನ್ ಬರಬೇಕು; ನೂರಕ್ಕೆ ಎರಡು ಮೂರರಷ್ಟು ಹೆಚ್ಚುಕಡಿಮೆ ಇರುತ್ತದೆ, ನಿಮ್ಮದೇ ಅಂಕ ಬರೆದು ಮೈಕ್ರೋಸ್ಕೋಪಿನ ಬುಡಕ್ಕೆ ಅಂಟಿಸಿ.

ಮಳೆಗಾಲ

ಆರಿದ್ರೆ ಮಳೆ ಹಿಡಿದರೆ ಆಸಲೆ ಮುಗಿಯುವವರೆಗೆ ತೀರ್ಥಹಳ್ಳಿ, ಹೊಸನಗರದ ಕಡೆ ಬಟ್ಟೆಯೇ ಒಣಗುವುದಿಲ್ಲ, ಲೆನ್ಸು ಒಣಗುತ್ತದೆಯೇ. ಬೂಷ್ಟು ಮೊದಲು ಬರುವುದು ತಲೆಯೊಳಗಿನ ಪ್ರಿಸಂಗೆ: ಐಪೀಸು ಕಿತ್ತು ಆ ತಲೆಯನ್ನು ದೀಪಕ್ಕೆ ಹಿಡಿದರೆ ಜೇಡನ ಬಲೆಯ ಎಳೆ ಕಾಣುತ್ತದೆ. ಗಾಜಿನ ಕೋಟಿಂಗನ್ನೇ ತಿನ್ನುವುದರಿಂದ ಒರೆಸಿದರೂ ಕಲೆ ಉಳಿಯುತ್ತದೆ. ಜೊತೆಗೆ ಬರುವ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಮುಚ್ಚಿಡುವುದು, ಮರದ ಪೆಟ್ಟಿಗೆಯಲ್ಲಿ ಬೀಗ ಹಾಕುವುದು ಎರಡೂ ಬೂಷ್ಟಿಗೆ ಅನ್ನ ಇಟ್ಟಂತೆ. ಆಬ್ಜೆಕ್ಟಿವ್, ಐಪೀಸುಗಳನ್ನು ಬಿಚ್ಚಿ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಗೆ ಹಾಕಿ, ತೆರೆದ ಕೊಳವೆಗಳಿಗೆ ಮುಚ್ಚಳ ಹಾಕಿ. ಜೆಲ್ ಬಣ್ಣ ತಿರುಗಿದೊಡನೆ ಬಾಣಲೆಯಲ್ಲಿ ಸಣ್ಣ ಉರಿಗೆ ಹುರಿದು, ಆರಿಸಿ, ಮತ್ತೆ ಹಾಕಿ; ಆ ಬಾಣಲೆ ಅಡುಗೆಮನೆಗೆ ವಾಪಸು ಹೋಗಬಾರದು. ಮೈಕ್ರೋಸ್ಕೋಪಿನ ಮೈಗೆ ಸಣ್ಣ ಬಲ್ಬು ಉರಿಯುವ ಕಪಾಟು ಸಾಕು.

ಗ್ಲಿಸರಿನ್ ಜೆಲ್ಲಿಯ ಸ್ಲೈಡುಗಳೂ ಈ ತಿಂಗಳುಗಳಲ್ಲಿ ನೀರು ಹೀರಿ ಸಡಿಲವಾಗುತ್ತವೆ. ಅಂಚಿಗೆ ಹಚ್ಚಿದ ನೇಲ್ ಪಾಲಿಶ್ ಬಿಟ್ಟಿದ್ದರೆ ಸಿಸ್ಟ್ ತೇಲಿ ಜಾಗ ಬದಲಿಸುತ್ತದೆ, ಬರೆದಿಟ್ಟ ಅಂಕವೆಲ್ಲ ವ್ಯರ್ಥ. ತೆರೆದಿಟ್ಟ ಸ್ಲೈಡಿನ ಮೇಲೆ ಜರಿಗಿಡದ ಬೀಜಾಣು, ಬೂಷ್ಟಿನ ಬೀಜಾಣು ಕೂತು ‘ಹೊಸ ಪ್ರಭೇದ’ದ ವೇಷ ಹಾಕುವುದೂ ಉಂಟು. ಅವಕ್ಕೆ ಬಾಗಿಲಿರುವುದಿಲ್ಲ, ಮೂರು ಕವಲಿನ ಗೀರೋ, ಅಡ್ಡಗೋಡೆಯೋ ಇರುತ್ತದೆ.

ಕರೆಂಟಿನ ವಿಷಯದಲ್ಲಿ ತಕರಾರಿಲ್ಲ, ಎಲ್‌ಇಡಿ ಸಣ್ಣ ಇನ್ವರ್ಟರಿನಲ್ಲೂ ನಡೆಯುತ್ತದೆ. ರಿಪೇರಿ ಮಾತ್ರ ಬೆಂಗಳೂರಿನಿಂದಲೇ ಆಗಬೇಕು. ಶಿವಮೊಗ್ಗದಿಂದ 300 ಕಿಲೋಮೀಟರ್, ಕೊರಿಯರಿನಲ್ಲಿ ಕಳಿಸಿದರೆ ಪ್ರಿಸಂ ಕದಲಿ ಇನ್ನೊಂದು ರಿಪೇರಿಯೊಂದಿಗೆ ವಾಪಸು ಬರುವ ಸಾಧ್ಯತೆಯೂ ಇದೆ. ವಾರಂಟಿ ಕಾಗದದಲ್ಲಿ ಬೂಷ್ಟನ್ನು ಸೇರಿಸಿರುವುದು ಅಪರೂಪ. ದುಡ್ಡು ಕೊಡುವ ಮೊದಲು ಅದೊಂದು ಸಾಲನ್ನು ಹುಡುಕಿ ಓದಿ.